ಚೀಟಿ ಹೋದ ಡಬ್ಬಿಗಳು

ಸೋಮವಾರ ಮಧ್ಯಾಹ್ನ ಮೂರೂವರೆಗೆ ಮೂವರೂ ಗಸ್ತು ಮುಗಿಸಿ ಶಿಬಿರಕ್ಕೆ ಮರಳಿದಾಗ, ಒಂಟಿ ಸಲಗವೊಂದು ಅಡುಗೆಮನೆಯ ಗೋಡೆ ಕೆಡವಿ ಒಳಗೆ ತಲೆ ತೂರಿಸಿಕೊಂಡು ನಿಂತಿತ್ತು. ಹೊರಗೆ ಕಾಣುತ್ತಿದ್ದುದು ಅದರ ಬೆನ್ನು, ಬಾಲ ಅಷ್ಟೆ. ಒಳಗಿನಿಂದ ಅಕ್ಕಿಯ ಡ್ರಮ್ಮು ಉರುಳುವ ಸದ್ದು ಬರುತ್ತಿತ್ತು.

ಮುತ್ತಂಗದ ಕಾಡಿನೊಳಗೆ, ಕರ್ನಾಟಕದ ಗಡಿಗೆ ಹತ್ತಿರ, ಕೇರಳದ ಕಡೆ ಇರುವ ಕಳ್ಳಬೇಟೆ ತಡೆಯುವ ಶಿಬಿರ ಅದು. ಒಂದು ಕಾಂಕ್ರೀಟು ಕೋಣೆ, ಅದಕ್ಕೆ ಅಂಟಿಕೊಂಡ ತಗಡು ಮಾಡಿನ ಅಡುಗೆಮನೆ, ಸುತ್ತ ಆನೆ ದಾಟದಂತೆ ತೋಡಿದ ಕಂದಕ. ಎಂಟು ದಿನ ಬಿಡದೆ ಸುರಿದ ಮಳೆಗೆ ಕಂದಕದ ಒಂದು ಅಂಚು ಕುಸಿದು ದಾರಿಯಾಗಿತ್ತು. ಸಲಗ ಅಲ್ಲಿಂದಲೇ ಇಳಿದು ಹತ್ತಿ ಬಂದಿತ್ತು.

ಜಿನಶ್ರೀ ಅಲ್ಲಿ ಅರಣ್ಯ ಇಲಾಖೆಯ ಬೀಟ್ ಅಧಿಕಾರಿ. ಇಪ್ಪತ್ತಾರು ವರ್ಷ, ಕೆಲಸಕ್ಕೆ ಸೇರಿ ಎಂಟು ತಿಂಗಳು. ಪನಮರದ ಕಡೆಯ ಜೈನ ಕೃಷಿಕರ ಮನೆಯವಳು. ಅವಳ ಕೈಕೆಳಗೆ ಇಬ್ಬರು ವಾಚರ್‌ಗಳು: ಮೂವತ್ತು ದಾಟಿದ ಸಜೀವನ್, ಐವತ್ತು ದಾಟಿದ ವೆಳ್ಳಚ್ಚಿ. ಇಬ್ಬರೂ ಕಾಡಂಚಿನ ಕಾಟ್ಟುನಾಯ್ಕ ಬುಡಕಟ್ಟಿನ ಹಾಡಿಯವರು. ಅವರ ಮನೆಮಾತೂ ಇವಳ ಮನೆಮಾತೂ ಕನ್ನಡದ್ದೇ ಎರಡು ಬಗೆ. ಆಫೀಸಿನಲ್ಲಿ, ವೈರ್‌ಲೆಸ್ಸಿನಲ್ಲಿ ಮಲಯಾಳ ಆಡಿದರೂ ಶಿಬಿರದೊಳಗೆ ಮೂವರೂ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿದ್ದರು.

"ವೈರ್‌ಲೆಸ್ ಒಳಗೇ ಉಂಟು," ಎಂದ ಸಜೀವನ್.

"ಬಿಡು, ಹೋಗ್ಬೇಡ," ಎಂದಳು ವೆಳ್ಳಚ್ಚಿ.

ಅವನು ಕೇಳಲಿಲ್ಲ. ಕೋಣೆಯ ಹಿಂದಿನ ಕಿಟಕಿಯಿಂದ ಕೈ ಹಾಕಿದರೆ ಮೇಜಿನ ಮೇಲಿನ ವೈರ್‌ಲೆಸ್ ಸಿಗುತ್ತದೆಂದು ಬಗ್ಗಿಕೊಂಡು ಓಡಿದ. ವೈರ್‌ಲೆಸ್ ಕೈಗೆ ಸಿಕ್ಕ ಹೊತ್ತಿಗೇ ಆನೆ ಹಿಂದಕ್ಕೆ ಸರಿಯಿತು. ಅದಕ್ಕೆ ಇವನ ಮೇಲೆ ಕಣ್ಣೇ ಇರಲಿಲ್ಲ. ಮೈ ತಿರುಗಿಸುವಾಗ ಅಡುಗೆಮನೆಯ ಕಂಬಕ್ಕೆ ಪಕ್ಕೆ ತಾಗಿತು. ಕಂಬ, ತಗಡು, ಉಳಿದಿದ್ದ ಅರ್ಧ ಗೋಡೆ ಎಲ್ಲವೂ ಸಜೀವನ್ ಮೇಲೆ ಬಿದ್ದವು. ಆನೆ ಬಾಯಾಡಿಸುತ್ತ ಬಂದ ದಾರಿಯಲ್ಲೇ ಇಳಿದು ಹೋಯಿತು.

ಇಟ್ಟಿಗೆ ಸರಿಸಿ ಎಳೆದಾಗ ಅವನ ಬಲಗಾಲು ಮಂಡಿಯ ಕೆಳಗೆ ಮುರಿದು, ಮೂಳೆಯ ತುದಿ ಚರ್ಮ ಹರಿದು ಹೊರಗೆ ಬಂದಿತ್ತು. ಜಿನಶ್ರೀ ತರಬೇತಿಯಲ್ಲಿ ಕಲಿತಂತೆ ಗಾಯ ತೊಳೆದು, ಔಷಧ ಹಚ್ಚಿ, ಬಿದಿರಿನ ಸೀಳಿಟ್ಟು ಕಟ್ಟಿದಳು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಜ್ವರದ ಮಾತ್ರೆ ಒಂದು ಪಟ್ಟಿ ಉಳಿದಿತ್ತು, ಮತ್ತೇನೂ ಇರಲಿಲ್ಲ.

ವೈರ್‌ಲೆಸ್ ಇಟ್ಟಿಗೆಗಳಡಿ ಸಿಕ್ಕಿ ಒಡೆದು ಚೂರಾಗಿತ್ತು. ಸೌರಫಲಕವನ್ನು ಆನೆ ತುಳಿದಿತ್ತು. ಅಲ್ಲಿ ಮೊಬೈಲಿಗೆ ಸಿಗ್ನಲ್ ಎಂದೂ ಸಿಕ್ಕಿದ್ದಿಲ್ಲ. ಅಕ್ಕಿ, ಬೇಳೆ, ಬೆಲ್ಲ, ಉಪ್ಪಿನ ಚೀಲ ಯಾವುದೂ ಉಳಿದಿರಲಿಲ್ಲ. ಚೆಲ್ಲಿದ ಅಕ್ಕಿ ಕೆಸರಿನೊಂದಿಗೆ ಕಲಸಿಹೋಗಿತ್ತು. ಜೀಪು ಬರುವ ದಾರಿಯಲ್ಲಿ ಹೊಳೆಗೆ ಹಾಕಿದ್ದ ಮೋರಿ ಅಂದು ಬೆಳಿಗ್ಗೆಯೇ ಕೊಚ್ಚಿಹೋಗಿತ್ತು. ಹೊಳೆ ಎಷ್ಟು ಅಗಲಕ್ಕೆ ಹರಿಯುತ್ತಿತ್ತೆಂದರೆ ಆಚೆ ದಡದ ಮರಗಳು ಸೊಂಟದವರೆಗೆ ನೀರಿನಲ್ಲಿದ್ದವು.

ಕೋಣೆಯ ಮಂಚದಡಿ ಒಂದು ಮರದ ಪೆಟ್ಟಿಗೆಯಿತ್ತು. ಬೇಸಿಗೆಯಲ್ಲಿ ಹುಲಿ ಎಣಿಸಲು ಕ್ಯಾಮೆರಾ ಕಟ್ಟಲು ಬಂದಿದ್ದ ತಂಡದವರು ಊಟಕ್ಕೆಂದು ತಂದು ಮಿಕ್ಕಿದ್ದನ್ನು ಬಿಟ್ಟುಹೋಗಿದ್ದ ತಗಡಿನ ಡಬ್ಬಿಗಳು. ವೆಳ್ಳಚ್ಚಿ ಪೆಟ್ಟಿಗೆಯನ್ನು ಎಳೆದು ಮುಚ್ಚಳ ತೆಗೆದಳು. ಹದಿನೇಳು ಡಬ್ಬಿಗಳು, ಎಲ್ಲವೂ ಒಂದೇ ಗಾತ್ರ. ಮೇಲಿನ ಚೀಟಿಗಳನ್ನು ಗೆದ್ದಲು ತಿಂದಿತ್ತು, ಉಳಿದ ಚೂರುಗಳು ತೇವಕ್ಕೆ ಕರಗಿದ್ದವು.

"ಇದ್ರಲ್ಲಿ ಏನೇನ್ ಉಂಟು ಅಂತ ನೆನಪುಂಟಾ ಅಕ್ಕ?" ಎಂದು ಕೇಳಿದಳು ಜಿನಶ್ರೀ.

"ಕಡ್ಲೆ ಉಂಟು, ಜೋಳ ಉಂಟು, ಅನಾನಸ್ ಉಂಟು. ಮೀನೂ ಉಂಟು. ಮೀನೇ ಜಾಸ್ತಿ ಕಾಣುತ್ತೆ. ಅವ್ರು ಮೀನು ತಿನ್ನೋರು."

ಹುಟ್ಟಿದಾಗಿನಿಂದ ಜಿನಶ್ರೀ ಮೀನು, ಮಾಂಸ, ಮೊಟ್ಟೆ ಮುಟ್ಟಿದವಳಲ್ಲ. ತರಬೇತಿಯಲ್ಲಿ ಆರು ತಿಂಗಳು ಬರೀ ಅನ್ನ ಮಜ್ಜಿಗೆ ತಿಂದು ಕಳೆದದ್ದೂ ಇತ್ತು. ಅದು ಅವಳಿಗೆ ಕಷ್ಟ ಅನ್ನಿಸಿರಲಿಲ್ಲ.

ಆ ಸಂಜೆ ವೆಳ್ಳಚ್ಚಿ ಕೋಣೆಯ ಮೂಲೆಯಲ್ಲೇ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಕತ್ತಿಯ ಮೊನೆ ಚುಚ್ಚಿ ಮೊದಲ ಡಬ್ಬಿ ತೆರೆದಳು. ಬಿಳಿ ಕಡಲೆ. ಮೂವರಿಗೂ ಜೀವ ಬಂದಂತಾಯಿತು. ಡಬ್ಬಿಯೊಳಗಿನ ನೀರನ್ನು ಅವಳು ಚೆಲ್ಲಲಿಲ್ಲ, ಒಂದು ಲೋಟಕ್ಕೆ ಬಸಿದು ಮುಚ್ಚಿಟ್ಟಳು. "ಇದ್ರಲ್ಲಿ ಉಪ್ಪುಂಟು. ಇನ್ನು ಉಪ್ಪು ಅಂದ್ರೆ ಇದೇ." ಕಡಲೆಯನ್ನು ಅರೆಬರೆ ಜಜ್ಜಿ, ಕಂದಕದ ಬದಿಯಲ್ಲಿ ಬೆಳೆದಿದ್ದ ಕಾಂತಾರಿ ಎಂಬ ಸೂಜಿಮೆಣಸನ್ನು ಹಿಚುಕಿ, ನೀರು ಹೆಚ್ಚು ಹಾಕಿ ಕುದಿಸಿದಳು. ಗಂಜಿಯ ಹಾಗೆ ಕುಡಿದರು.

"ನಾಳೆ ಬರ್ತಾರೆ," ಎಂದ ಸಜೀವನ್. "ವೈರ್‌ಲೆಸ್ಸಿಗೆ ನಾವು ಸಿಕ್ಕಿಲ್ಲ ಅಂದ್ರೆ ಆಫೀಸಿನೋರು ಸುಮ್ನಿರಲ್ಲ."

ಮಂಗಳವಾರ ಯಾರೂ ಬರಲಿಲ್ಲ. ಬೆಳಿಗ್ಗೆಯ ಡಬ್ಬಿಯಲ್ಲಿ ಅನಾನಸ್ ಇತ್ತು. ಹೋಳುಗಳನ್ನು ಹಂಚಿಕೊಂಡು ತಿಂದರು, ಸಕ್ಕರೆ ಪಾಕಕ್ಕೆ ಬಿಸಿನೀರು ಬೆರೆಸಿ ಸಜೀವನಿಗೆ ಕುಡಿಸಿದರು. ಸಂಜೆಯ ಡಬ್ಬಿಯಲ್ಲಿ ಮೀನು. ಟೊಮೆಟೊ ರಸದ ಕೆಂಪಿನಲ್ಲಿ ಮತ್ತಿಮೀನಿನ ತುಂಡುಗಳು ಒತ್ತೊತ್ತಾಗಿ ನಿಂತಿದ್ದವು.

"ಇನ್ನೊಂದು ತೆರಿತೇನೆ ಮೇಡಂ, ನಿಮ್ಗೆ," ಎಂದಳು ವೆಳ್ಳಚ್ಚಿ.

"ಬೇಡ. ಅದೂ ಮೀನಾದ್ರೆ? ತೆರೆದಿಟ್ರೆ ಹಾಳಾಗ್ತದೆ. ನಂಗೆ ಹಸಿವಿಲ್ಲ."

ವೆಳ್ಳಚ್ಚಿ ಎರಡು ಪಾತ್ರೆ ಬೇರೆ ಬೇರೆ ಮಾಡಿಕೊಂಡಳು. ಒಂದರಲ್ಲಿ ಮೀನನ್ನು ಮೆಣಸು ಹಾಕಿ ಕುದಿಸಿದಳು. ಇನ್ನೊಂದರಲ್ಲಿ ಕಂದಕದ ಒಳಬದಿಯಲ್ಲೇ ಸಿಕ್ಕ ತಗಚೆ ಸೊಪ್ಪನ್ನು ಬೇಯಿಸಿ, ಕಡಲೆನೀರಿನ ಎರಡು ಚಮಚ ಹಾಕಿ ಜಿನಶ್ರೀಗೆ ಕೊಟ್ಟಳು. ಸೌಟು ಕೂಡ ಒಂದರದ್ದು ಇನ್ನೊಂದಕ್ಕೆ ತಾಗಿಸಲಿಲ್ಲ. ಕಂದಕದ ಆಚೆ ಹೋದರೆ ಕಳಲೆ, ಗೆಡ್ಡೆ ಏನಾದರೂ ಸಿಗುತ್ತಿತ್ತು. ಆದರೆ ಸಲಗ ದೂರ ಹೋಗಿರಲಿಲ್ಲ. ಬಿದಿರುಮೆಳೆಯಲ್ಲಿ ಅದು ಕೊಂಬೆ ಮುರಿಯುವ ಸದ್ದು ದಿನಕ್ಕೆ ಮೂರು ನಾಲ್ಕು ಸಲ ಕೇಳುತ್ತಿತ್ತು.

ಬುಧವಾರ ಎರಡು ಡಬ್ಬಿ ತೆರೆದರು, ಎರಡೂ ಮೀನು. ಜಿನಶ್ರೀ ಮತ್ತೆ ಸೊಪ್ಪಿನ ನೀರು ಕುಡಿದಳು. ಡಬ್ಬಿಗಳನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡಿದಳು. ಕೆಲವು ಗುಳುಗುಳು ಅನ್ನುತ್ತಿದ್ದವು, ಕೆಲವು ಗಟ್ಟಿಯಾಗಿ ಕೂತಿದ್ದವು. ಗುಳುಗುಳು ಅಂದದ್ದು ಕಡಲೆ ಅಥವಾ ಜೋಳವಿರಬೇಕೆಂದು ಒಂದನ್ನು ಆರಿಸಿ ಗುರುವಾರ ಬೆಳಿಗ್ಗೆ ತೆರೆಸಿದಳು. ಅದೂ ಮೀನೇ, ಟೊಮೆಟೊ ರಸದ ಬದಲು ಉಪ್ಪುನೀರಿನಲ್ಲಿ ಹಾಕಿದ್ದು. ಅವಳು ಮುಖ ತಿರುಗಿಸಿ ಹೊಸ್ತಿಲಿಗೆ ಹೋಗಿ ಕೂತಳು. ಹೊಟ್ಟೆಯ ಉರಿ ಅಡಗಿತ್ತು. ಈಗ ತಲೆ ಹಗುರಾಗಿ, ನಿಂತರೆ ಕಣ್ಣು ಕತ್ತಲಿಡುತ್ತಿತ್ತು.

ಸಜೀವನ ಕಾಲು ಊದಿ ಹೊಳೆಯುತ್ತಿತ್ತು. ಕಟ್ಟು ಬಿಚ್ಚಿದರೆ ಕೆಟ್ಟ ವಾಸನೆ. ಜ್ವರ ಇಳಿಯುತ್ತಿರಲಿಲ್ಲ, ಮಾತ್ರೆ ಮುಗಿಯುತ್ತ ಬಂದಿತ್ತು. ಅವನು ಗೋಡೆಯ ಕಡೆ ನೋಡುತ್ತ ಕೇಳಿದ:

"ನಾಲ್ಕು ದಿನ ಆಯ್ತು. ಹೊಳೆ ಆಚೆಗೆ ಬಂದು ಒಂದು ಕೂಗು ಹಾಕೋದಿಲ್ವಾ? ಒಂದು ಪಟಾಕಿ ಹೊಡೆಯೋದಿಲ್ವಾ? ನಮ್ಮನ್ನ ಮರ್ತೇ ಬಿಟ್ರಾ?"

ಜಿನಶ್ರೀ ನಾಲ್ಕು ದಿನ ಒಳಗಿಟ್ಟುಕೊಂಡಿದ್ದನ್ನು ಆಗ ಹೇಳಿದಳು.

"ಸೋಮವಾರ ಬೆಳಿಗ್ಗೆ ನಾನು ವೈರ್‌ಲೆಸ್ಸಲ್ಲಿ ಹೇಳಿದ್ದೆ. ಮಳೆ ಜೋರುಂಟು, ಮಧ್ಯಾಹ್ನದ ಒಳಗೆ ಹೊಳೆ ದಾಟಿ ಕೆಳಗಿನ ಶಿಬಿರಕ್ಕೆ ಹೋಗ್ತೇವೆ ಅಂತ. ಆಮೇಲೆ ಕಾಡಲ್ಲಿ ಯಾರೋ ಬೇಟೆಗೆ ಉರುಳು ಕಟ್ಟಿದ್ದಾರೆ ಅಂತ ನೀನು ಹೇಳ್ದೆ. ಒಂದು ಸುತ್ತು ಹೋಗಿ ಬಂದು ಹೊರಡುವಾ ಅಂತ ನಾನೇ ಅಂದೆ. ಅಷ್ಟರಲ್ಲಿ ಮೋರಿ ಹೋಯ್ತು. ಹೋಗ್ಲಿಲ್ಲ ಅಂತ ತಿಳಿಸ್ಲೇ ಇಲ್ಲ."

ಕೆಳಗಿನ ಶಿಬಿರದಲ್ಲಿ ಅಕ್ಕಿಯಿದೆ, ಮಳೆ ಬಂದರೆ ಅಲ್ಲಿಯ ವೈರ್‌ಲೆಸ್ ಸಿಗುವುದಿಲ್ಲ. ಇವೆರಡೂ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿಗಳು. ಜಿಲ್ಲೆಯೆಲ್ಲ ನೀರಾಗಿರುವಾಗ, ಸುಖವಾಗಿದ್ದಾರೆಂದು ತಿಳಿದ ಮೂವರನ್ನು ಹುಡುಕಲು ಯಾರೂ ಬರುವುದಿಲ್ಲ.

"ಹಂಗಾದ್ರೆ ಯಾರೂ ಬರೋದಿಲ್ಲ," ಎಂದ ಸಜೀವನ್. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಳುವುದಾದರೂ ಸಾಧ್ಯವಾಗುತ್ತಿತ್ತು.

ವೆಳ್ಳಚ್ಚಿ ಒಲೆಯ ಬೂದಿ ಕೆದಕುತ್ತ, "ಹೋಗಿದ್ದಕ್ಕೆ ಈಗ ಏನ್ ಮಾಡಾದು," ಎಂದಳು. "ಹಿಂದಿನ ಗುಡ್ಡ ಹತ್ತಿ ಆಚೆ ಇಳಿದ್ರೆ ಕರ್ನಾಟಕದೋರ ಶಿಬಿರ ಉಂಟು. ಅಲ್ಲಿ ವೈರ್‌ಲೆಸ್ ಉಂಟು. ಚಿಕ್ಕವ್ಳಾಗಿದ್ದಾಗ ಜೇನಿಗೆ ಹೋಗಿದ್ದೆ ಆ ಕಡೆ. ಹೋಗಿ ಬರೋಕೆ ದಿನಾ ಒಂದರ ದಾರಿ. ಈ ಮಳೇಲಿ ಒಂದೂವರೆ."

"ನೀವು ಹ್ಯಾಗೆ ಹೋಗ್ತೀರಿ? ಮಂಡಿನೋವು. ನಾನು ಹೋಗ್ತೇನೆ. ದಾರಿ ಹೇಳಿ."

"ಮೂರು ದಿನ ಸೊಪ್ಪು ತಿಂದವ್ಳು ಗುಡ್ಡ ಹತ್ತೋಕಾಗುತ್ತಾ?"

"ನಾಳೆ ಬೆಳಿಗ್ಗೆ ಏನಾದ್ರೂ ತಿಂದು ಹೊರಡ್ತೇನೆ. ಯಾವ್ದಾದ್ರೂ ಸರಿ."

ಗುರುವಾರ ಸಂಜೆಯ ಡಬ್ಬಿಯೂ ಮೀನೇ ಆಯಿತು. ಶುಕ್ರವಾರ ಬೆಳಕು ಹರಿದೊಡನೆ ವೆಳ್ಳಚ್ಚಿ ಒಂದು ಡಬ್ಬಿಗೆ ಕತ್ತಿ ಹಾಕಿದಳು. ಮೊನೆ ಇಳಿದ ಕೂಡಲೇ ವಾಸನೆ ಬಂತು. ಅವಳು ಕೇಳದೆಯೇ ಇನ್ನೊಂದಕ್ಕೂ ಕತ್ತಿ ಹಾಕಿದಳು. ಅದೂ ಅದೇ. ಮೂರನೆಯದಕ್ಕೆ ಕೈ ಚಾಚಿದಾಗ ಜಿನಶ್ರೀ ಅವಳ ಮಣಿಕಟ್ಟು ಹಿಡಿದಳು.

"ಸಾಕು. ಕೊಡಿ ಅದನ್ನೇ."

ವೆಳ್ಳಚ್ಚಿ ಮೀನನ್ನು ಮೂರು ಸಲ ಬಿಸಿನೀರಿನಲ್ಲಿ ತೊಳೆದಳು. ಮುಳ್ಳು ತೆಗೆದು, ನುಣ್ಣಗೆ ಹಿಚುಕಿ, ಸೊಪ್ಪಿನೊಂದಿಗೆ ಕಲಸಿ, ಮೆಣಸು ಹೆಚ್ಚು ಹಾಕಿ ಬೇಯಿಸಿದಳು. ನೋಡಿದರೆ ಮೀನೆಂದು ಗೊತ್ತಾಗುತ್ತಿರಲಿಲ್ಲ. ತಟ್ಟೆ ಮುಂದಿಟ್ಟು, ಆವತ್ತು ಮೊದಲ ಸಲ ಮೇಡಂ ಅನ್ನುವುದನ್ನು ಬಿಟ್ಟು ಮಗಳೇ ಎಂದು ಕರೆದಳು.

"ಕಣ್ ಮುಚ್ಚಿ ತಿನ್ನು ಮೋಳೆ. ಪರವಾಗಿಲ್ಲ. ಇದು ಔಷಧಿ ಅಂತ ತಿನ್ನು."

ಜಿನಶ್ರೀ ಐದು ತುತ್ತು ತಿಂದಳು. ಮನೆಯಲ್ಲಿ ಅಪ್ಪ ವಿಮಲನಾಥ ಸಂಜೆಗೆ ಮುಂಚೆ ಊಟಕ್ಕೆ ಕೂರುವುದು, ಅಮ್ಮ ಅಕ್ಕಿಯನ್ನು ಹುಳುವಿದೆಯೇ ಎಂದು ಹರಡಿ ನೋಡುವುದು, ಒಂದೊಂದೂ ಕಣ್ಣಿಗೆ ಬರುತ್ತಿತ್ತು. ಆರನೆಯ ತುತ್ತು ಗಂಟಲಲ್ಲಿ ನಿಂತಿತು. ಎದ್ದು ಹೊರಗೆ ಓಡಿ ಎಲ್ಲವನ್ನೂ ಕಾರಿದಳು. ತಿಂದದ್ದು ಹೋದ ಮೇಲೂ ವಾಂತಿ ನಿಲ್ಲಲಿಲ್ಲ. ಹಸಿರು ಪಿತ್ತ ಬಂತು. ಎದ್ದು ನಿಲ್ಲಲು ಹೋಗಿ ಕೆಸರಿನಲ್ಲಿ ಬಿದ್ದಳು. ವೆಳ್ಳಚ್ಚಿ ಕಂಕುಳಿಗೆ ಕೈಕೊಟ್ಟು ಒಳಗೆ ತಂದು ಮಲಗಿಸಿದಳು.

"ಊಟವೂ ಹೋಯ್ತು, ನೇಮವೂ ಹೋಯ್ತು," ಎಂದು ಜಿನಶ್ರೀ ಅತ್ತಳು. "ಒಂದಾದ್ರೂ ಉಳಿಬಾರದಾ ಅಕ್ಕ?"

ವೆಳ್ಳಚ್ಚಿ ತಾನೇ ಹೊರಡಲೆಂದು ಮಂಡಿಗೆ ಬಟ್ಟೆ ಬಿಗಿದು ಕಟ್ಟಿದಳು. ಉಳಿದ ಮೀನನ್ನು ತಾನೊಂದಿಷ್ಟು ತಿಂದು, ಒಂದಿಷ್ಟನ್ನು ಎಲೆಯಲ್ಲಿ ಕಟ್ಟಿಕೊಂಡು, ಮಿಕ್ಕದ್ದನ್ನು ಸಜೀವನ ಪಕ್ಕ ಇಟ್ಟಳು. ಪೆಟ್ಟಿಗೆ ನೋಡಿದಳು: ಎಂಟು ಡಬ್ಬಿ ಉಳಿದಿದ್ದವು.

"ಬೆಂಕಿ ಆರಿಸ್ಬೇಡ. ಬೆಂಕಿಪೊಟ್ಟಣ ಒದ್ದೆ ಆಗಿದೆ, ಆರಿದ್ರೆ ಮತ್ತೆ ಹತ್ತಲ್ಲ. ಅವ್ನಿಗೆ ಎರಡು ಹೊತ್ತು ಬಿಸಿ ಕೊಡು. ನಿಂಗೆ ಮುಟ್ಟೋಕಾಗುತ್ತಾ ಅದನ್ನ?"

"ಆಗ್ತದೆ."

ಹತ್ತು ಗಂಟೆಗೆ ವೆಳ್ಳಚ್ಚಿ ಕಂದಕ ದಾಟಿ ಹೋದಳು. ಬಿದಿರುಮೆಳೆ ತಪ್ಪಿಸಲು ಎಡಕ್ಕೆ ಸುತ್ತಿ, ಮಳೆಯಲ್ಲಿ ಎರಡು ನಿಮಿಷಕ್ಕೆ ಮರೆಯಾದಳು.

ಅಂದು ಮಧ್ಯಾಹ್ನ ಜಿನಶ್ರೀ ಗೋಡೆ ಹಿಡಿದು ಎದ್ದು ಒಲೆಯ ಬಳಿ ಕೂತಳು. ಕತ್ತಿಯಿಂದ ಡಬ್ಬಿ ತೆರೆಯುವುದು ಅವಳಿಗೆ ಗೊತ್ತಿರಲಿಲ್ಲ. ಎರಡು ಸಲ ಜಾರಿ ಹೆಬ್ಬೆರಳು ಕುಯ್ದುಕೊಂಡಳು. ಒಳಗಿದ್ದದ್ದು ಜೋಳ. ಅವಳು ಡಬ್ಬಿ ಹಿಡಿದುಕೊಂಡು ಒಂದು ಗಳಿಗೆ ಹಾಗೇ ಕೂತುಬಿಟ್ಟಳು. ನಾಲ್ಕು ದಿನದಿಂದ ಬಾರದ್ದು, ಒಂದು ದಿನ ಮೊದಲು ಬಂದಿದ್ದರೆ ಅವಳೇ ಗುಡ್ಡ ಹತ್ತುತ್ತಿದ್ದಳು. ಜೋಳವನ್ನು ಜಜ್ಜಿ ಗಂಜಿ ಮಾಡಿದಳು. ಸಜೀವನಿಗೆ ಅರ್ಧ ಕುಡಿಸಿದಳು, ಅರ್ಧ ತಾನು ಕುಡಿದಳು. ಅದು ಹೊಟ್ಟೆಯಲ್ಲಿ ನಿಂತಿತು.

ಶನಿವಾರದ ಡಬ್ಬಿಗಳು ಮತ್ತೆ ಮೀನು. ವೆಳ್ಳಚ್ಚಿ ಮಾಡಿದ್ದನ್ನು ನೆನಪಿಸಿಕೊಂಡು ಅವಳೇ ಮಾಡಿದಳು. ಬೆರಳಿನಿಂದ ಮುಳ್ಳು ಹುಡುಕಿ ತೆಗೆದಳು. ಮೆತ್ತಗಿನ ಮಾಂಸ ಬೆರಳಿಗೆ ಅಂಟಿದಾಗಲೂ ಕೈ ಎಳೆದುಕೊಳ್ಳಲಿಲ್ಲ. ಸಜೀವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುತ್ತು ತುತ್ತಾಗಿ ತಿನ್ನಿಸಿದಳು. ಅವನಿಗೆ ಆಗಲೇ ಗುರುತು ತಪ್ಪುತ್ತಿತ್ತು. ಹೆಂಡತಿಯ ಹೆಸರು ಹಿಡಿದು ಕರೆಯುತ್ತಿದ್ದ.

"ಶೀಜಾ, ಉಪ್ಪು ಹಾಕೋದು ಮರ್ತಿಯಾ?"

"ಉಪ್ಪಿಲ್ಲ. ಹಂಗೇ ತಿನ್ನು."

"ಮಕ್ಳು ತಿಂದ್ವಾ?"

"ತಿಂದ್ವು. ನೀನು ಬಾಯಿ ತೆರೆ."

ಅವನು ಮಲಗಿದ ಮೇಲೆ ಪಾತ್ರೆಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಬೆಂಕಿಗೆ ಸೌದೆ ತರಲು ಎದ್ದರೆ ನಿಲ್ಲಲಾಗದೆ ಮತ್ತೆ ಕೂತಳು. ಇನ್ನೊಮ್ಮೆ ಎದ್ದಳು, ಮತ್ತೆ ಕೂತಳು. ತಾನು ಬಿದ್ದರೆ ಬೆಂಕಿ ಆರುತ್ತದೆ, ಇವನ ಬಾಯಿಗೆ ನೀರು ಹಾಕುವವರಿರುವುದಿಲ್ಲ. ನೋಡುವವರು ಯಾರೂ ಇರಲಿಲ್ಲ, ತಿನ್ನು ಅನ್ನುವವರೂ ಇರಲಿಲ್ಲ. ಪಾತ್ರೆಯನ್ನು ಎಳೆದುಕೊಂಡು ಸಣ್ಣ ಸಣ್ಣ ತುತ್ತು ಮಾಡಿ, ಪ್ರತಿ ತುತ್ತಿಗೂ ಬಿಸಿನೀರು ಕುಡಿದು ತಿಂದಳು. ವಾಂತಿ ಬಂದಂತಾದಾಗ ಹಲ್ಲು ಕಚ್ಚಿ ಗೋಡೆಗೆ ಹಣೆ ಒತ್ತಿ ಹಿಡಿದಳು. ಅರ್ಧ ಗಂಟೆಯ ನಂತರ ಹೋಗಿ ಸೌದೆ ತಂದಳು.

ವೆಳ್ಳಚ್ಚಿ ಹೇಳಿದ ಒಂದೂವರೆ ದಿನ ಕಳೆದಿತ್ತು. ಭಾನುವಾರ ಬೆಳಿಗ್ಗೆಯೂ ಯಾರೂ ಬರಲಿಲ್ಲ. ದಾರಿಯಲ್ಲಿ ಆನೆ ಸಿಕ್ಕಿರಬಹುದು, ಬಿದ್ದಿರಬಹುದು ಎಂದು ಯೋಚನೆ ಹೋದಷ್ಟೂ ಅವಳು ಕೈಗೆ ಕೆಲಸ ಕೊಡುತ್ತಿದ್ದಳು. ಕಾಲಿನ ಕಟ್ಟು ಬಿಚ್ಚಿ ತೊಳೆದಳು. ಕಾಲ್ಬೆರಳುಗಳು ಕಪ್ಪಗಾಗಿದ್ದವು. ಅವನು ನೋವೆಂದು ಕೂಗಲಿಲ್ಲ, ಅದೇ ಅವಳಿಗೆ ಹೆಚ್ಚು ಹೆದರಿಕೆಯಾಯಿತು. ಒಂದು ಡಬ್ಬಿ ತೆರೆದಳು. ಅದರಲ್ಲಿ ಗಟ್ಟಿಹಾಲು, ಸಕ್ಕರೆ ಹಾಕಿ ಕಾಯಿಸಿ ಇಳಿಸಿದ್ದು. ಬಿಸಿನೀರಿಗೆ ಕಲಸಿ ಚಮಚದಲ್ಲಿ ಕುಡಿಸಹೋದರೆ ಬಾಯಿಯ ಬದಿಯಿಂದ ಇಳಿದುಹೋಯಿತು. ಬಟ್ಟೆಯ ಚೂರನ್ನು ಅದರಲ್ಲಿ ಅದ್ದಿ ತುಟಿಗೆ ಹಿಂಡಿದಳು. ಅದನ್ನು ಅವನು ಚೀಪಿದ. ಗಂಟೆಗಟ್ಟಲೆ ಹಾಗೆಯೇ ಹಿಂಡುತ್ತ ಕೂತಳು.

ಮಧ್ಯಾಹ್ನ ಎರಡರ ಸುಮಾರಿಗೆ ಗುಡ್ಡದ ಕಡೆಯಿಂದ ಪಟಾಕಿ ಸಿಡಿಯಿತು. ಮತ್ತೊಂದು ಸಿಡಿಯಿತು. ಕರ್ನಾಟಕದ ಶಿಬಿರದ ಆರು ಜನ, ಬಿದಿರಿಗೆ ಕಂಬಳಿ ಕಟ್ಟಿದ ಡೋಲಿ ಹಿಡಿದು ಇಳಿದು ಬಂದರು. ಹೊಳೆಯಲ್ಲಿ ದೋಣಿ ಹಾಕಲಾಗದು, ಬಂದ ದಾರಿಯಲ್ಲೇ ಹೊತ್ತುಕೊಂಡು ಹೋಗಬೇಕೆಂದರು. ವೆಳ್ಳಚ್ಚಿ ಅವರೊಂದಿಗಿರಲಿಲ್ಲ. ಅವಳ ಪಾದ ಒಡೆದು ನಡೆಯಲಾರದೆ ಅಲ್ಲೇ ಮಲಗಿದ್ದಾಳೆಂದರು.

"ನಿಮ್ಮಲ್ಲಿ ತಿನ್ನಕ್ಕೆ ಏನೂ ಇಲ್ಲ ಅಂದಿದ್ಲು ಆಯಮ್ಮ. ಅನ್ನ ಕಟ್ಕೊಂಡು ಬಂದಿದೀವಿ," ಎಂದು ಅವರಲ್ಲೊಬ್ಬ ಹಿರಿಯ, ಚಿಕ್ಕಣ್ಣ ಎಂಬವನು, ಗಂಟು ಬಿಚ್ಚಿದ.

"ಮೊದ್ಲು ಇವನನ್ನ ಎತ್ತಿ," ಎಂದಳು ಜಿನಶ್ರೀ.

ಸಜೀವನ್ ಬದುಕಿದ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಮಂಡಿಯ ಮೇಲಿನಿಂದ ಕಾಲು ತೆಗೆದರು. ಎರಡು ದಿನ ಮೊದಲು ತಂದಿದ್ದರೆ ಮಂಡಿಯನ್ನಾದರೂ ಉಳಿಸಬಹುದಿತ್ತೆಂದು ಡಾಕ್ಟರು ಶೀಜಳೆದುರೇ ಹೇಳಿದರು. ಜಿನಶ್ರೀ ಪಕ್ಕದಲ್ಲೇ ನಿಂತಿದ್ದಳು. ಶೀಜ ಅವಳತ್ತ ತಿರುಗಿ ನೋಡಲಿಲ್ಲ. ನೋಡದೆಯೇ, "ಅವ್ರಿಗೆ ಊಟ ಮಾಡಿಸಿದ್ದು ನೀವಂತೆ," ಎಂದಳು. ಅದು ಉಪಕಾರದ ಮಾತೋ ದೂರೋ ಜಿನಶ್ರೀಗೆ ತಿಳಿಯಲಿಲ್ಲ.

ಮನೆಯಲ್ಲಿ ಅಮ್ಮನಿಗೆ ಅವಳು ಎಲ್ಲವನ್ನೂ ಹೇಳಿದಳು, ಮೀನು ತಿಂದದ್ದನ್ನೂ ಹೇಳಿದಳು. ಅಮ್ಮ ಒಳಗೆ ಹೋಗಿ, ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಬಂದು ತಟ್ಟೆ ಹಾಕಿದಳು.

ಮೂರು ವಾರದ ನಂತರ ಜಿನಶ್ರೀ ವೆಳ್ಳಚ್ಚಿಯ ಹಾಡಿಗೆ ಹೋದಳು. ಅಂಗಳದಲ್ಲಿ ಕಾಲು ಚಾಚಿ ಕೂತಿದ್ದ ವೆಳ್ಳಚ್ಚಿಯ ಪಾದಗಳಿಗೆ ಇನ್ನೂ ಬಟ್ಟೆ ಸುತ್ತಿತ್ತು. ಪಕ್ಕದಲ್ಲಿ ಕೂತು ಇಬ್ಬರೂ ಕಪ್ಪುಚಹ ಕುಡಿದರು.

"ಒಂದೂವರೆ ದಿನ ಅಂದವ್ಳು ಎರಡು ದಿನ ಮಾಡ್ದೆ," ಎಂದಳು ವೆಳ್ಳಚ್ಚಿ. "ಯಾಕೆ ಅಂತ ಯಾರಿಗೂ ಹೇಳಿಲ್ಲ."

"ದಾರಿ ತಪ್ತಾ?"

"ಇಲ್ಲ. ಗುಡ್ಡದ ನೆತ್ತೀಲಿ ಆನೆಹಿಂಡಿನ ಲದ್ದಿ ಇತ್ತು, ಬಿಸಿ ಬಿಸಿ. ಹೆದ್ರಿಕೆ ಆಯ್ತು. ಅಲ್ಲಿಂದ ಬಲಕ್ಕೆ ಇಳಿದ್ರೆ ನಮ್ಮ ಹಾಡಿ ಕಡೆ ದಾರಿ. ಹೊಳೆ ಇಳಿಯೋವರ್ಗೆ ಎಲ್ಲಾದ್ರೂ ಬಂಡೆ ಮರೇಲಿ ಕೂತು, ಆಮೇಲೆ ಮನೆಗೆ ಹೋಗ್ಬಿಡಾಣ ಅಂದ್ಕೊಂಡೆ. ನೀವಿಬ್ರೂ ಹೆಂಗೂ ಉಳಿಯಲ್ಲ, ನಾನೊಬ್ಳಾದ್ರೂ ಉಳೀತೀನಿ ಅಂತ. ಬಲಕ್ಕೆ ಇಳಿದೂ ಇಳಿದೆ."

ಜಿನಶ್ರೀ ಲೋಟ ಕೆಳಗಿಟ್ಟಳು.

"ಮತ್ತೆ?"

"ಮತ್ತೆ ಏನು. ಶನಿವಾರ ಮಧ್ಯಾಹ್ನ ಎಲೆ ಬಿಚ್ಚಿ ತಿನ್ನಕ್ಕೆ ಕೂತೆ. ನಿಂಗೆ ಅಂತ ಮುಳ್ಳು ತೆಗ್ದಿದ್ದ ಮೀನು. ತಿಂದು ಮುಗಿಸಿ ತಿರುಗಿ ಹತ್ತಿದೆ. ಇಳಿದು ಹತ್ತೋದ್ರಲ್ಲಿ ಅರ್ಧ ದಿನ ಹೋಯ್ತು." ವೆಳ್ಳಚ್ಚಿ ಪಾದದ ಬಟ್ಟೆಯನ್ನು ಸರಿಮಾಡಿಕೊಂಡಳು. "ಆ ಅರ್ಧ ದಿನ ಹೋಗಿಲ್ದಿದ್ರೆ ಅವ್ನ ಮಂಡಿ ಉಳೀತಿತ್ತೇನೋ."

ಸೋಮವಾರ ಆಫೀಸಿಗೆ ತಿಳಿಸದೆ ಹೋದಂದಿನಿಂದ, ತಪ್ಪು ಹೊತ್ತು ತಿರುಗುತ್ತಿರುವವಳು ತಾನೊಬ್ಬಳೇ ಎಂದುಕೊಂಡಿದ್ದಳು ಜಿನಶ್ರೀ. ಅವಳು ಇನ್ನಷ್ಟು ಹತ್ತಿರ ಸರಿದು ಕೂತಳು. ವೆಳ್ಳಚ್ಚಿಯ ಸೊಸೆ ಕಾರ್ತು ಒಳಗಿನಿಂದ, ಅನ್ನ ಆಗಿದೆ, ಇಬ್ಬರೂ ಬನ್ನಿ ಎಂದು ಕರೆದಳು. ಜಿನಶ್ರೀ ಎದ್ದು ವೆಳ್ಳಚ್ಚಿಯ ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದಳು. ಇಬ್ಬರೂ ನಿಧಾನವಾಗಿ ಒಳಗೆ ಹೋದರು.